ಕೇರಿಯ ಸೂಜಿ

"ಜಗಲಿಗೆ ಕೈಯೂರಬ್ಯಾಡ ಕಣಲೇ, ಬೋಳಿಮಗನೆ! ತೋಳೊಂದು ಬಿಟ್ಟು ಮಿಕ್ಕಿದ್ದೆಲ್ಲ ಕೆಳಗಿರ್ಲಿ!"

ಕೇರಿಯವರ ಸಾಲಿನ ಮುಂದೆ ನಿಂತಿದ್ದ ಗಿರಿಯಪ್ಪ ಕೈ ತೆಗೆದ. ಗದರಿದವನು ಮಲ್ಲಿಕಾರ್ಜುನಪ್ಪ. ಶಿವನಿ ಪಕ್ಕದ ಆ ಊರಿಗೆ ಡಾಕ್ಟರು ಅಂದರೆ ಅವನೇ. ಜಗಲಿಯ ಮೇಲೆ ಎರಡು ಡಬ್ಬಿ. ಸ್ಟೀಲಿನದು ಊರಿನವರದು, ಅದರ ಸೂಜಿಗಳು ದಿನಾ ಸ್ಟೌ ಮೇಲೆ ಕುದಿಯುತ್ತಿದ್ದವು. ತಗಡಿನದು ಕೇರಿಯದು. ಅದರಲ್ಲಿದ್ದ ಒಂದೇ ಸೂಜಿಯನ್ನು ಹತ್ತಿಯಲ್ಲಿ ಒರೆಸಿ ಎಲ್ಲರಿಗೂ ಚುಚ್ಚುತ್ತಿದ್ದ. ಮಾತ್ರೆ ಕೊಟ್ಟರೆ ಕೇರಿಯವರೇ ಒಪ್ಪುತ್ತಿರಲಿಲ್ಲ. ಸೂಜಿ ಬಿದ್ದರೇ ಜ್ವರ ಬಿಡುವುದು ಎಂದು ನಂಬಿ ಕೆಟ್ಟಿದ್ದರು.

ಹೋದ ತಿಂಗಳು ಹೆಂಡತಿ ಭಾಗಮ್ಮನ ಆಪರೇಷನ್ನಿಗೆ ರಕ್ತ ಕೊಡಲು ಗಿರಿಯಪ್ಪ ದೊಡ್ಡಾಸ್ಪತ್ರೆಗೆ ಹೋಗಿದ್ದ. ಅಲ್ಲಿಯ ಡಾಕ್ಟರಮ್ಮ ಅವನ ರಕ್ತ ಬೇಡವೆಂದಳು.

"ಹೆಪಟೈಟಿಸ್ ಬಿ ಇದೆ. ಲಿವರಿನ ಕಾಯಿಲೆ. ಸದ್ಯಕ್ಕೆ ಗಟ್ಟಿಯಾಗೇ ಇದೀರಿ. ಹೆಂಡ ಮುಟ್ಟಬೇಡಿ, ಆರು ತಿಂಗಳಿಗೊಮ್ಮೆ ಬನ್ನಿ, ಹೆಂಡತಿ ಮಕ್ಕಳ ರಕ್ತಾನೂ ನೋಡಿಸಿ. ಜೊತೇಲಿ ಉಂಡರೆ ಅಂಟಲ್ಲ. ಕುದಿಸದ ಸೂಜಿಯಿಂದ ಅಂಟುತ್ತೆ."

ಯಾರದೋ ರಕ್ತದಿಂದ ಭಾಗಮ್ಮ ಉಳಿದಳು. ಆದರೆ ಅಂದಿನಿಂದ ಗಿರಿಯಪ್ಪನಿಗೆ ನೆಮ್ಮದಿಯಿಲ್ಲ. ಉಣ್ಣಲು ಕೂತರೆ, ಕಣ್ಣು ಹಳದಿಗಟ್ಟಿ, ಹೊಟ್ಟೆ ಊದಿ ಸತ್ತ ಅಣ್ಣ ಉಗ್ರಪ್ಪ ಎದುರಿಗೆ ಬಂದು ಕೂರುತ್ತಾನೆ. ಅವನ ಹಿಂದೆ ಪಕ್ಕದ ಮನೆಯ ಮಾರಮ್ಮ. ಇಬ್ಬರಿಗೂ ಕಾಮಾಲೆಯೆಂದು ಸೊಪ್ಪು ಅರೆದು ಕುಡಿಸಿ ಮಣ್ಣು ಮಾಡಿದ್ದರು.

ಈಗ ಈ ಜಗಲಿಯ ಮುಂದೆ ಬಾಯಿ ಬಿಟ್ಟರೆ ನಾಳೆಯಿಂದ ಯಾರ ಹೊಲದಲ್ಲೂ ಕೂಲಿಯಿಲ್ಲ. ಬಿಡದಿದ್ದರೆ ಮುಂದಿನ ತೋಳು ಸಾಲಿನಲ್ಲಿ ಅವನ ಹಿಂದೆಯೇ ನಿಂತಿದ್ದ ಹುಲಿಗೆಮ್ಮನ ಮೂರು ವರ್ಷದ ಕೂಸಿನದು.

"ನಂಗೆ ಬ್ಯಾಡ ಬುದ್ಧಿ," ಎಂದ ಗಿರಿಯಪ್ಪ. "ನನ್ ರಕ್ತದಾಗೆ ಕೆಟ್ಟ ರೋಗ ಐತೆ. ಆ ಸೂಜಿ ನಂಗೂ ಚುಚ್ಚೈತೆ, ಇವ್ರಿಗೂ ಚುಚ್ಚೈತೆ. ಕುದ್ಸಿ."

"ನಂಗೇ ಡಾಕ್ಟ್ರಿಕೆ ಕಲಿಸ್ತೀಯಾ? ಕೇರಿ ಸೂಜಿಗೆ ಸೀಮೆಣ್ಣೆ ನಿಮ್ಮಪ್ಪ ತಂದ್ಕೊಡ್ತಾನಾ? ಬಾರೇ ಹುಲಿಗೆಮ್ಮ, ಕೂಸಿನ್ ಕೈ ಹಿಡಿ!"

ಗಿರಿಯಪ್ಪ ಜಗಲಿ ಹತ್ತಿದ. ಸ್ಟೀಲಿನ ಡಬ್ಬಿ ಎತ್ತಿ, ಊರಿನ ಸೂಜಿಗಳನ್ನೆಲ್ಲ ತಗಡಿನ ಡಬ್ಬಿಗೆ ಸುರಿದುಬಿಟ್ಟ.

"ಮುಟ್ಬಿಟ್ಟೆಯಲ್ಲೋ ಸೂಳೆಮಗನೆ! ಇನ್ನ ಗೌಡ್ರಿಗೆ ಏನು ಚುಚ್ಲಿ?"

"ಎಲ್ಲಾ ಒಂದಾದ್ವು ಬುದ್ಧಿ. ಈಗ ಕುದಿಸ್ಲೇಬೇಕು."

ಮಲ್ಲಿಕಾರ್ಜುನಪ್ಪ ಕಾಲಲ್ಲಿದ್ದ ಕೆರ ತೆಗೆದುಕೊಂಡು ಬಾರಿಸಿದ. ಕೈ ಸೋತ ಮೇಲೆ, ಬೇರೆ ದಾರಿಯಿಲ್ಲದೆ, ಸ್ಟೌಗೆ ಗಾಳಿ ಹೊಡೆಯತೊಡಗಿದ.

ಹುಲಿಗೆಮ್ಮ ಕೂಸನ್ನು ಅವುಚಿಕೊಂಡು ಗಿರಿಯಪ್ಪನಿಂದ ಹಿಂದೆ ಸರಿದಳು. ಅವಳ ಹಿಂದೆ ಇಡೀ ಸಾಲು ಸರಿಯಿತು. ಅವನು ಒಡೆದ ತುಟಿಯ ರಕ್ತ ನೆಲಕ್ಕೂ ತೊಟ್ಟಿಕ್ಕದಂತೆ ಪಂಚೆಯ ತುದಿ ಒತ್ತಿ ಹಿಡಿದು, ನೀರು ಮರಳುವವರೆಗೂ ಅಲ್ಲೇ ನಿಂತ.