ಬೇಲಿಯೊಳಗಿನ ಹನ್ನೊಂದು ಎಕರೆ

"ಇಲ್ಲಿ ಇಳಿಸಬೇಡ್ರಪ್ಪೋ, ಇಳಿಸಬೇಡಿ!" ಎಂದು ಕಾವಲುಗಾರ ಪುಲ್ಲಯ್ಯ ಗೇಟಿನ ಒಳಗಿನಿಂದ ಕೂಗುವಷ್ಟರಲ್ಲಿ ಹೊತ್ತವರು ಚಟ್ಟವನ್ನು ನೆಲಕ್ಕೆ ಇಳಿಸಿಯಾಗಿತ್ತು. ತಮಟೆ ನಿಂತಿತು. ಹತ್ತು ಗಂಟೆಗೇ ಬಿಸಿಲು ಸುಡುತ್ತಿತ್ತು, ಹೆಣದ ಮೇಲಿನ ಚೆಂಡುಹೂವು ಆಗಲೇ ಬಾಡಿತ್ತು.

ಸತ್ತವನು ಗುರ್ರಪ್ಪ. ಒಂದೇ ಒಂದು ಸಲ ಗೆದ್ದು ಐದು ವರ್ಷ ಎಮ್ಮೆಲ್ಲೆಯಾಗಿದ್ದವನು, ಆಮೇಲೆ ಸಾಯುವ ತನಕ ಮಾಜಿ ಎಮ್ಮೆಲ್ಲೆ. ಹಿಂದಿನ ದಿನ ಮಧ್ಯಾಹ್ನ ರಾಗಿ ಸಂಗಟಿ ಉಂಡು ಕೈ ತೊಳೆಯಲು ಎದ್ದವನು ತೊಟ್ಟಿಯ ಹತ್ತಿರವೇ ಕುಸಿದಿದ್ದ. ಪಕ್ಷದವರು ಹಾರ ಕಳಿಸಿದ್ದರು, ಬಂದಿರಲಿಲ್ಲ.

"ಪುಲ್ಲಯ್ಯ, ಬೀಗ ತೆಗಿ," ಎಂದಳು ಗುರ್ರಪ್ಪನ ಹೆಂಡತಿ ತಿರುಪಾಲಮ್ಮ.

"ಅತ್ತಿಗೇ, ನಿನ್ ಕಾಲಿಗೆ ಬೀಳ್ತೀನಿ. ಬೀಗ ತೆಗೆದ್ರೆ ನಾಳೆ ನನ್ ಕೆಲ್ಸ ಇರಲ್ಲ. ಈ ಕಾರ್ಖಾನೆ ನಮ್ಮೂರಿಗೆ ಕೊಟ್ಟಿರೋದೇ ಇದೊಂದು ಕೆಲ್ಸ."

"ಹತ್ತು ಸಾವಿರ ಕೆಲ್ಸ ಅಂದಿದ್ದ ನಿಮ್ಮಣ್ಣ," ಎಂದ ಓಬುಳೇಸು, ಚಟ್ಟದ ಮುಂದಿನ ಬೊಂಬಿಗೆ ಹೆಗಲು ಕೊಟ್ಟಿದ್ದವನು. "ಇನ್ನು ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ಬರೋದಿದೆ. ತಡಿ, ಬರುತ್ತೆ."

ನಾಲ್ಕು ಜನ ನಕ್ಕರು. ಸಾವಿನ ಮನೆಯವರ ಎದುರು ಹಾಗೆ ನಗಬಾರದು, ಆದರೆ ನಲ್ಲಗುಟ್ಟಪಲ್ಲೆಯವರು ಆ ಬೇಲಿಯ ಮುಂದೆ ನಗದೆ ಇದ್ದರೆ ಬೇರೆ ಏನಾದರೂ ಮಾಡಿಬಿಡುತ್ತಾರೆ. ಬೇಲಿಯೊಳಗೆ, ಇನ್ನೂ ಕಟ್ಟದ ಉಕ್ಕಿನ ಕಾರ್ಖಾನೆಗೆಂದು ತೆಗೆದುಕೊಂಡ ಒಂದು ಸಾವಿರ ಎಕರೆ. ಅದರಲ್ಲಿ ಬೇರೆ ಬೇರೆ ಸರ್ಕಾರಗಳು ನೆಟ್ಟುಹೋದ ಎರಡು ಶಂಕುಸ್ಥಾಪನೆಯ ಕಲ್ಲು, ಪುಲ್ಲಯ್ಯನ ತಗಡಿನ ಗುಡಿಸಲು, ಮಿಕ್ಕಿದ್ದೆಲ್ಲ ಜಾಲಿ. ಗೇಟಿನ ಪಕ್ಕದ ಪೂರ್ವದ ಮೂಲೆಯ ಹನ್ನೊಂದು ಎಕರೆ ಗುರ್ರಪ್ಪನದಾಗಿತ್ತು, ಅದರ ಬದುವಿನಲ್ಲಿ ಅವನ ತಾಯಿಯ ಗೋರಿ ಇತ್ತು. ಈ ಊರಲ್ಲಿ ಹೂಳುವುದು ಅವರವರ ಹೊಲದಲ್ಲೇ.

"ಅತ್ತೆ ಪಕ್ಕದಲ್ಲಿ ಮಲಗಿಸ್ತೀನಿ ಅಂತ ಮಾತು ಕೊಟ್ಟಿದ್ದೀನಿ ಕಣೋ," ಎಂದಳು ತಿರುಪಾಲಮ್ಮ. "ಆರಡಿ ಜಾಗ. ಹೂತು ಬಂದ್ಬಿಡ್ತೀವಿ. ಯಾರಿಗೆ ಗೊತ್ತಾಗುತ್ತೆ?"

"ಕ್ಯಾಮೆರಾ ಐತೆ ಅತ್ತಿಗೆ."

"ಕರೆಂಟೇ ಇಲ್ಲದ ಜಾಗದಲ್ಲಿ ಕ್ಯಾಮೆರಾ ಏನೋ ನೋಡುತ್ತೆ?"

"ಅದಕ್ಕೆ ಬಿಸಿಲಿನ ಕರೆಂಟು."

ಮಗಳು ಸುಗುಣ ಪ್ರೊದ್ದಟೂರಿನಲ್ಲಿ ಮೇಷ್ಟ್ರಮ್ಮ. ಕಾಗದಪತ್ರ ಬಲ್ಲವಳು. "ಅಮ್ಮಾ, ಸುಮ್ನಿರು. ನಾನು ಕೇಳ್ತೀನಿ," ಎಂದು ಫೋನು ಹಿಡಿದು ಬೇವಿನ ನೆರಳಿಗೆ ಹೋದಳು.

*

ಎಂಟು ವರ್ಷದ ಹಿಂದೆ ಭೂಮಿ ಕೇಳಲು ಅಧಿಕಾರಿಗಳು ಬಂದಾಗ ಊರು ಕಲ್ಲು ಹಿಡಿದು ನಿಂತಿತ್ತು. ಶಾಲೆಯ ಜಗಲಿ ಹತ್ತಿ ಗುರ್ರಪ್ಪ ಮಾತಾಡಿದ. ಮಾತು ಅವನಿಗೆ ಚೆನ್ನಾಗಿ ಬರುತ್ತಿತ್ತು. ಅಸೆಂಬ್ಲಿಯಲ್ಲಿ ನಾಲ್ಕು ನಿಮಿಷಕ್ಕೆ ಮೈಕು ಕಿತ್ತುಕೊಳ್ಳುತ್ತಿದ್ದರು, ಇಲ್ಲಿ ಕಿತ್ತುಕೊಳ್ಳುವವರು ಇರಲಿಲ್ಲ.

"ರಾಜ್ಯ ಒಡೆದ್ರು. ಹೈದರಾಬಾದು ಆಚೆ ರಾಜ್ಯದವ್ರಿಗೆ ಹೋಯ್ತು. ಅರವತ್ತು ವರ್ಷ ನಮ್ಮ ಮಕ್ಕಳು ಹೋಗಿ ಕಟ್ಟಿದ ಊರು ಅದು. ನಮಗೆ ಏನು ಉಳೀತು? ರಾಜ್ಯ ಒಡೆದ ಕಾಯ್ದೆಯಲ್ಲಿ ಬರೆದ ನಾಲ್ಕು ಸಾಲು ಉಳೀತು. ಅದ್ರಲ್ಲಿ ಒಂದು ಸಾಲು ಉಕ್ಕಿನ ಕಾರ್ಖಾನೆ. ನೆಲ ಇಲ್ಲ ಅಂತ ನಾವೇ ಅಂದ್ರೆ ದೆಹಲಿಯವ್ರು ಕೈ ತೊಳ್ಕೊಂಡು ಹೋಗ್ತಾರೆ. ಆ ನೆಪ ನಾವು ಕೊಡಬಾರದು."

"ನೀನು ಕೊಡ್ತೀಯಾ?" ಎಂದು ಓಬುಳೇಸು ಕೆಳಗಿನಿಂದ ಕೂಗಿದ.

"ಮೊದಲು ನಂದೇ. ಹನ್ನೊಂದು ಎಕರೆ. ನಮ್ಮಮ್ಮ ಮಲಗಿರೋ ಹೊಲ."

ತಾಯಿಯ ಗೋರಿಯನ್ನೇ ಕೊಡುವವನ ಎದುರು ಕಡಲೆಕಾಯಿ ಹೊಲದ ಲೆಕ್ಕ ಹೇಳುವುದು ಹೇಗೆ? ಒಬ್ಬೊಬ್ಬರಾಗಿ ಹೆಬ್ಬೆಟ್ಟು ಒತ್ತಿದರು. ಓಬುಳೇಸು ಕೊನೆಯವನು.

ಸಂಜೆ ಸರ್ವೆಯವನು ಗುರ್ರಪ್ಪನನ್ನು ಪಕ್ಕಕ್ಕೆ ಕರೆದ. "ಸಾರ್, ಹೊಲಗಳಲ್ಲಿ ಗೋರಿಗಳು ಎಷ್ಟಿವೆ? ಬರೆದ್ರೆ ಅಷ್ಟು ಜಾಗ ಬಿಟ್ಟು, ಹೋಗಿ ಬರೋಕೆ ದಾರಿನೂ ಬಿಡ್ತೀವಿ."

"ಬರೆದ್ರೆ ದೆಹಲಿಯವ್ರು ಏನಂತಾರೆ?"

"ತಕರಾರು ಇರೋ ನೆಲ ಅಂತಾರೆ. ಇನ್ನೊಂದು ಪರಿಶೀಲನೆ ಅಂತಾರೆ."

ಪರಿಶೀಲನೆ ಎಂಬ ಮಾತು ಗುರ್ರಪ್ಪನಿಗೆ ಕೇಳಿ ಕೇಳಿ ಸಾಕಾಗಿತ್ತು. ಅವನ ಮನೆಯ ಟ್ರಂಕಿನ ತುಂಬ ಅದೇ ಮಾತು ಬರೆದ ದೆಹಲಿಯ ಉತ್ತರಗಳಿದ್ದವು.

"ಇಲ್ಲ ಅಂತ ಬರಿ," ಎಂದ. "ಒಂದೂ ಇಲ್ಲ."

ಇಡೀ ಊರಿನ ಪರವಾಗಿ ತಾನೇ ರುಜು ಹಾಕಿದ.

*

ಸುಗುಣ ಚಟ್ಟದ ಹತ್ತಿರ ವಾಪಸ್ಸು ಬಂದು ಫೋನನ್ನು ಎಲ್ಲರಿಗೂ ಕೇಳುವಂತೆ ಇಟ್ಟಳು. ತಪ್ಪು ಮಾಡಿದಳು. ಆದರೆ ಅವಳಿಗೇನು ಗೊತ್ತು?

"ಮೇಡಂ, ಆ ನೆಲ ಈಗ ನಮ್ಮ ಕೈಯಲ್ಲಿಲ್ಲ," ಎಂದಿತು ಕಲೆಕ್ಟರ್ ಕಚೇರಿಯ ದನಿ. ವಿನಯವಾಗಿಯೇ ಮಾತಾಡುತ್ತಿತ್ತು. "ಕಾರ್ಖಾನೆ ಹೆಸರಿಗೆ ಆಗಿದೆ. ಅನುಮತಿ ದೆಹಲಿಯಿಂದ ಬರಬೇಕು. ಅರ್ಜಿ ಕೊಡಿ, ಕಳಿಸ್ತೀವಿ."

"ಹೆಣ ಇಟ್ಕೊಂಡು ಕೂತಿದ್ದೀವಿ ಸಾರ್. ನಮ್ಮಜ್ಜಿ ಗೋರಿ ಅಲ್ಲೇ ಇದೆ."

"ಒಂದ್ನಿಮಿಷ." ಕಾಗದ ಸರಿದ ಸದ್ದು. "ದಾಖಲೆಯಲ್ಲಿ ಗೋರಿಗಳಿಲ್ಲ ಮೇಡಂ. 'ಸದರಿ ಗ್ರಾಮದ ಜಮೀನುಗಳಲ್ಲಿ ಯಾವುದೇ ಸಮಾಧಿ ಇರುವುದಿಲ್ಲ.' ರೈತರ ಪರವಾಗಿ ರುಜು... ಗುರ್ರಪ್ಪ, ಶಾಸಕರು."

ಸುಗುಣ ಫೋನು ಆರಿಸಿದಳು. ಕೇಳಬಾರದ್ದನ್ನು ಎಲ್ಲರೂ ಕೇಳಿಯಾಗಿತ್ತು.

ಓಬುಳೇಸು ಚಟ್ಟದ ಹತ್ತಿರ ಬಂದು ಸತ್ತವನ ಮುಖವನ್ನು ನೋಡುತ್ತ ನಿಂತ. "ನಮ್ಮಪ್ಪ ಇದಾನೆ ಒಳಗೆ," ಎಂದ. "ಅವ್ನ ಪಕ್ಕ ನನ್ ಮಗು ಐತೆ, ಮೂರು ತಿಂಗಳಿಂದು. ಎಂಟು ವರ್ಷ ಆಯ್ತು, ಹಬ್ಬಕ್ಕೆ ಒಂದು ತೆಂಗಿನಕಾಯಿ ಒಡೆಯೋಕೆ ಬಿಟ್ಟಿಲ್ಲ. ದೆಹಲಿಯವ್ರು ಬಿಡ್ತಿಲ್ಲ ಅಂತ ಹೇಳ್ತಿದ್ದನಲ್ಲ ಇವ್ನು! ದೆಹಲಿಯಂತೆ, ದೆಹಲಿ!"

"ಓಬುಳೇಸು, ಸತ್ತಿರೋನ್ನ ಬಯ್ಯಬೇಡಪ್ಪ," ಎಂದಳು ಸುಗುಣ.

"ಬದುಕಿದ್ದಾಗ ಗೊತ್ತಿರ್ಲಿಲ್ಲ ಕಣಮ್ಮ. ಗೊತ್ತಿದ್ರೆ ಆಗ್ಲೇ ಬಯ್ತಿದ್ದೆ."

ಅವನು ಹೆಗಲ ಟವಲನ್ನು ಝಾಡಿಸಿ ಹೊರಟ. ಅವನ ಹಿಂದೆ ಇನ್ನೂ ಹತ್ತು ಹನ್ನೆರಡು ಜನ ಹೊರಟರು. ತಮಟೆಯವರು ಯಾರ ಮುಖ ನೋಡಬೇಕೋ ತಿಳಿಯದೆ ನಿಂತರು. ತಿರುಪಾಲಮ್ಮ ಹೋಗುವವರ ಬೆನ್ನುಗಳನ್ನು ನೋಡಿದಳು. ಅತ್ತೆಯ ಪಕ್ಕದ ಜಾಗದ ಮಾತು ಹೋಗಲಿ, ಊರು ಹೀಗೆ ಎದ್ದುಹೋದರೆ ಈ ಮನುಷ್ಯನನ್ನು ಹೂಳುವವರೇ ಇರುವುದಿಲ್ಲ. ಅನಾಥ ಹೆಣದ ಹಾಗೆ ಪಂಚಾಯ್ತಿಯವರು ಬಂದು ಎತ್ತಬೇಕು.

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಬೇಲಿಯ ಪಕ್ಕದ ರಸ್ತೆಯಂಚನ್ನು ತೋರಿಸಿದಳು. "ಗುದ್ದಲಿ ಕೊಡಿ. ಇಲ್ಲೇ ಅಗಿಯೋಣ. ಒಳಗೆ ಬೇಡ, ಯಾರೂ ನಮ್ಮನ್ನ ಬಿಡೋದೂ ಬೇಡ."

*

ಗುರ್ರಪ್ಪ ಕೊನೆಯ ಸಲ ದೆಹಲಿಗೆ ಹೋದದ್ದು ನಾಲ್ಕು ವರ್ಷದ ಹಿಂದೆ, ಮೊದಲಿನ ಹಾಗೆ ಧರಣಿಗಲ್ಲ, ಒಬ್ಬನೇ, ಸ್ಲೀಪರ್ ಬೋಗಿಯಲ್ಲಿ, ಹೆಂಡತಿ ಕಟ್ಟಿಕೊಟ್ಟ ಬುತ್ತಿಯೊಂದಿಗೆ. ಮೂರು ದಿನ ಅಲೆದ ಮೇಲೆ ಒಬ್ಬ ಗುಮಾಸ್ತ ಕನಿಕರದಿಂದ ಕಡತ ತೆಗೆದು ನೋಡಿದ.

"ಇದು ಮುಗಿದುಹೋಗಿದೆಯಲ್ಲ ಯಜಮಾನ್ರೇ. ಲಾಭ ಬರಲ್ಲ ಅಂತ ವರದಿ ಬಂದು ಮುಚ್ಚಿಬಿಟ್ಟಿದ್ದಾರೆ."

"ಕಾಯ್ದೆಯಲ್ಲಿ ಇದೆಯಲ್ಲ ಸಾಮೀ."

"ಪರಿಶೀಲಿಸ್ತೀವಿ ಅಂತ ಇದೆ. ಪರಿಶೀಲಿಸಿದ್ರು."

"ಹಂಗಾದ್ರೆ ನೆಲ?"

"ಅದು ನಿಮ್ಮ ರಾಜ್ಯದವ್ರನ್ನ ಕೇಳಿ."

ರಾಜ್ಯದವರನ್ನು ಕೇಳಿದ. ದೆಹಲಿಯವರನ್ನು ಕೇಳಿ ಎಂದರು.

ಊರಿಗೆ ಬಂದಾಗ ಬಸ್‌ಸ್ಟಾಪಿನಲ್ಲೇ ಓಬುಳೇಸು ಸಿಕ್ಕಿದ. "ಏನಂದ್ರು ಅಣ್ಣಾ?"

ಹೇಳಬೇಕೆಂದೇ ಬಾಯಿ ತೆರೆದಿದ್ದ. ಕಾರ್ಖಾನೆ ಬರುವುದಿಲ್ಲವೆಂದರೆ ನೆಲ ವಾಪಸ್ಸು ಕೊಡಿಸು ಎನ್ನುತ್ತಾರೆ. ನೆಲ ಕೇಳಿದರೆ ಕಾಗದ ಹೊರಬರುತ್ತದೆ, ಕಾಗದದಲ್ಲಿ ಅವನ ರುಜು ಇದೆ.

"ಪರಿಶೀಲನೆಯಲ್ಲಿದೆ," ಎಂದ.

ಮನೆಗೆ ಹೋಗಿ ಗೋಡೆಯ ಕಡೆ ತಿರುಗಿ ಮಲಗಿದ. ಎರಡು ದಿನ ಉಣ್ಣಲಿಲ್ಲ. ಮೂರನೆಯ ದಿನ ಎದ್ದು ಮುಖ ತೊಳೆದು ದೆಹಲಿಗೆ ಮತ್ತೊಂದು ಮನವಿ ಬರೆದ. ಆಮೇಲೆ ಪ್ರತಿ ಸೋಮವಾರ ಒಂದು, ಮುಚ್ಚಿಹೋಗಿದೆ ಎಂದು ತಿಳಿದಿದ್ದ ಅದೇ ಕಡತಕ್ಕೆ. ಹೆಂಡತಿಗೆ ಕೂಡ ಹೇಳಲಿಲ್ಲ.

*

ರಸ್ತೆಯಂಚಿನಲ್ಲಿ ಜಲ್ಲಿ, ಡಾಂಬರಿನ ಹೆಂಟೆ. ಗುದ್ದಲಿ ಕಿಡಿ ಹಾರಿಸುತ್ತಿತ್ತು. ತಿರುಪಾಲಮ್ಮನ ತಮ್ಮಂದಿರಿಬ್ಬರು, ತಮಟೆಯವರು, ಕಡೆಗೆ ಸುಗುಣ, ಇಷ್ಟೇ ಜನ ಸರದಿಯ ಮೇಲೆ ಅಗೆದರು. ಹೋದವರು ದೂರದ ಬೇವಿನ ಕೆಳಗೆ ಕೂತು ಬೀಡಿ ಸೇದುತ್ತ ನೋಡಿದರು, ಪೂರಾ ಹೋಗಿಬಿಡಲೂ ಆಗದೆ. ಸೊಂಟದಷ್ಟು ಆಳವಾದಾಗ ಹೆಣ ಇಳಿಸಿದರು. ತಲೆ ಬೇಲಿಯ ಕಡೆಗೆ.

ಈ ಊರಲ್ಲಿ ಸತ್ತವನಿಗೆ ಅವನ ಹೊಲದ ಮಣ್ಣನ್ನೇ ಮೂರು ಹಿಡಿ ಹಾಕುವುದು. ತಮ್ಮಂದಿರಲ್ಲಿ ಒಬ್ಬ, ಅಗೆದ ಜಲ್ಲಿಯನ್ನೇ ಬೊಗಸೆಯಲ್ಲಿ ಎತ್ತಿದ. ತಿರುಪಾಲಮ್ಮ ಅವನ ಕೈ ಹಿಡಿದಳು.

"ಇದು ರಸ್ತೆಯವ್ರು ತಂದು ಸುರಿದ ಕಲ್ಲು ಕಣೋ. ಮಣ್ಣಲ್ಲ."

ಅವಳು ನೆಲಕ್ಕೆ ಕೂತು ಮುಳ್ಳುತಂತಿಯ ಕೆಳಗೆ ಕೈ ತೂರಿಸಿದಳು. ಒಳಗಿನ ನೆಲ ಎಂಟು ವರ್ಷದಿಂದ ನೇಗಿಲು ಕಂಡಿರಲಿಲ್ಲ. ಬಂಡೆಯ ಹಾಗೆ ಗಡುಸಾಗಿತ್ತು. ಉಗುರು ಜಾರಿತು, ಒಂದು ಚಿಟಿಕೆ ಧೂಳೂ ಏಳಲಿಲ್ಲ. ಮತ್ತೆ ಕೆರೆದಳು. ಆಗ ಅವಳು ಅತ್ತಳು, ಬೆಳಗಿನಿಂದ ಮೊದಲ ಸಲ, ಬಾಯಿ ಬಿಟ್ಟು. "ನನ್ಗಾದ್ರೂ ಹೇಳಬಾರ್ದಿತ್ತಾ ಮಾರಾಯ, ನನ್ಗಾದ್ರೂ!"

ಬೇವಿನ ಕೆಳಗಿನಿಂದ ಓಬುಳೇಸು ಎದ್ದು ಬಂದ. ಗುಂಡಿಯ ಕಡೆ ನೋಡಲಿಲ್ಲ. ಬೇಲಿಯುದ್ದಕ್ಕೂ ನಡೆದು, ತನ್ನ ಹೊಲವಿದ್ದ ಜಾಗ ಗುರುತಿಸಿ, ಅಲ್ಲಿ ಕುಕ್ಕರಗಾಲಲ್ಲಿ ಕೂತು ಭುಜದ ತನಕ ಕೈ ಒಳಗೆ ಹಾಕಿದ.

"ಅವ್ನಿಗಲ್ಲ," ಎಂದ, ಯಾರೂ ಕೇಳದಿದ್ದರೂ. "ನಮ್ಮಪ್ಪ ಇದಾನೆ ಇಲ್ಲಿ."

ಮಿಕ್ಕವರೂ ಬಂದರು. ಅವರವರ ಹೊಲದ ಎದುರಿಗೆ ಅವರವರು ಕೂತರು, ಗಂಡಸರು, ಹೆಂಗಸರು. ಗುಂಡಿಯ ಹತ್ತಿರ ಒಬ್ಬರೂ ಉಳಿಯಲಿಲ್ಲ.

ಪುಲ್ಲಯ್ಯ ಒಳಗೆ ನಿಂತಿದ್ದ. ಅವನ ಕಡೆಗೆ ಬೇಲಿಯುದ್ದಕ್ಕೂ ಬರೀ ಕೈಗಳು ಕಾಣುತ್ತಿದ್ದವು, ನೆಲ ಕೆರೆಯುವ ಕೈಗಳು. ಯಾವ ಹಿಡಿಯೂ ತುಂಬುತ್ತಿರಲಿಲ್ಲ. ಸಾಲಿನ ಈಚೆ ತುದಿಯಲ್ಲಿ, ಅವನದೇ ಮೂರು ಎಕರೆ ಇದ್ದ ಕಡೆ, ಹಸಿರು ಗಾಜಿನ ಬಳೆಯ ಕೈಯೊಂದಿತ್ತು. ಅದು ಅವನ ಹೆಂಡತಿಯ ಕೈ. ಮುಳ್ಳು ಗೀರಿ ರಕ್ತ ಬರುತ್ತಿದ್ದರೂ ಹಿಂದಕ್ಕೆ ಎಳೆದುಕೊಳ್ಳದೆ, ಅವನ ಬೂಟಿನ ಮುಂದೆಯೇ ಅದು ಕೆರೆಯುತ್ತಿತ್ತು.