ಬಲಗಿವಿಯ ಬಾಂಗು

"ಅಜ್ಜಾರ, ಲಗೂ ಬರ್ರಿ, ಕೂಸು ಎಚ್ಚರೈತಿ," ಎಂದು ಬಾಣಂತಿ ಕೋಣೆಯ ಬಾಗಿಲಲ್ಲಿ ನಿಂತು ನರ್ಸ್ ಶೈಲಶ್ರೀ ಕರೆದಳು. ಕರೆದದ್ದು ಎರಡನೆಯ ಸಲ. ಜಂಗ್ಲಿಸಾಬ ಬೆಂಚಿನಿಂದ ಏಳಲೇ ಇಲ್ಲ.

ಪಕ್ಕದಲ್ಲಿದ್ದ ಮಗ ರಿಯಾಜನಿಗೆ ಚಡಪಡಿಕೆ. ಬೆಳಿಗ್ಗೆ ಗಂಡುಮಗು ಹುಟ್ಟಿದೆ, ಮಧ್ಯಾಹ್ನವಾಗುತ್ತ ಬಂತು, ಅದರ ಬಲಗಿವಿಗೆ ಮೊದಲು ಬೀಳಬೇಕಾದ ಬಾಂಗು, ನಮಾಜಿನ ಕರೆ, ಇನ್ನೂ ಹೇಳಿಲ್ಲ. ಒಳಗೆ ಹೆಂಡತಿ ಇಷ್ರತ ದಾರಿ ಕಾಯುತ್ತಿದ್ದಾಳೆ. ರಾಜೂರಿನ ಅವರ ಓಣಿಯಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಬಾಂಗಿಗೆ ಜಂಗ್ಲಿಸಾಬನೇ ಬೇಕು, ಅವನ ಕಂಠ ಅಂಥದ್ದು. ಸ್ವಂತ ಮೊಮ್ಮಗನ ಮುಂದೆ ಮುದುಕ ಮೀನಮೇಷ ಎಣಿಸುತ್ತಿದ್ದಾನಲ್ಲ ಎಂದು ರಿಯಾಜನಿಗೆ ಸಿಟ್ಟೂ ಬಂತು.

ಜಂಗ್ಲಿಸಾಬನ ತಲೆಯೊಳಗೆ ಹೋದ ವರ್ಷ ಕೂತಿತ್ತು. ಆಗಲೂ ಇದೇ ಬಾಗಿಲು, ಇದೇ ಹಂದಿಜ್ವರದ ಹಾವಳಿ, ಇದೇ ಶೈಲಶ್ರೀ. ಒಂದು ಸಲ ಸೀನಿದ್ದಕ್ಕೆ ಸವಡಿಯ ಗೌಡರನ್ನೇ ಮೆಟ್ಟಿಲಿಳಿಸಿದ ಹುಡುಗಿ ಅವಳು. ಎಲ್ಲರನ್ನೂ ಕೇಳುವಂತೆ ಅವನನ್ನೂ ಕೇಳಿದ್ದಳು: "ನೆಗಡಿ, ಕೆಮ್ಮು, ಜ್ವರ ಏನರ ಐತೇನ್ರಿ?" ಗಂಟಲು ಕೆರೆಯುತ್ತಿತ್ತು, ಮೈ ಬಿಸಿಯಿತ್ತು. ಹೌದೆಂದರೆ ಹೊರಗೇ ನಿಲ್ಲಬೇಕು, ಒಳಗಿರುವುದು ರಿಯಾಜನ ಚೊಚ್ಚಲ ಕೂಸು, ಮೊದಲ ಮೊಮ್ಮಗ. ಕೆಮ್ಮು ಬಾರದಂತೆ ಬಾಯಲ್ಲಿ ಲವಂಗ ಒತ್ತಿಕೊಂಡು "ಇಲ್ಲವ್ವಾ" ಎಂದಿದ್ದ. ಒಳಗೆ ಹೋಗಿ ಮಾಸ್ಕು ಗದ್ದಕ್ಕಿಳಿಸಿ, ಕೂಸಿನ ಕಿವಿಗೆ ತುಟಿ ತಾಗುವಷ್ಟು ಬಾಗಿ, ಕಂಠ ತುಂಬಿ ಬಾಂಗು ಹೇಳಿದ್ದ.

ಕೂಸು ಎಂಟು ದಿನ ಬದುಕಿತು. ಜ್ವರ ಯಾರಿಂದ ಹತ್ತಿತೋ ಎಂದು ಮನೆಮಂದಿಯೆಲ್ಲ ಅತ್ತರು. ಅವನೂ ಅವರ ಜೊತೆ ಅತ್ತ, ಆದರೆ ಬಾಯಿ ಬಿಡಲಿಲ್ಲ. ಆಮೇಲೆ ಓಣಿಯವರು ಬಾಂಗಿಗೆ ಕರೆದಾಗಲೆಲ್ಲ ಏನಾದರೊಂದು ನೆಪ ಹೇಳಿ ತಪ್ಪಿಸಿಕೊಂಡ. ಎಲ್ಲಿಯೋ ಕೂಸು ಅತ್ತರೆ ಸಾಕು, ಅವನ ಬಲಗಿವಿಗೆ ಬಿಸಿಬಿಸಿ ಪುಟ್ಟ ಉಸಿರು ತಾಗುತ್ತಿತ್ತು. ಹೊರಳಿ ನೋಡಿದರೆ ಯಾರೂ ಇರುತ್ತಿರಲಿಲ್ಲ.

ಕೊನೆಗೆ ರಿಯಾಜ ರಟ್ಟೆ ಹಿಡಿದು ಎಬ್ಬಿಸಿದ. ಶೈಲಶ್ರೀ ಕೈಗೆ ಮಾಸ್ಕು ಕೊಟ್ಟು ಅದೇ ಮಾತು ಕೇಳಿದಳು: "ನೆಗಡಿ, ಕೆಮ್ಮು, ಜ್ವರ ಏನರ ಐತೇನ್ರಿ ಅಜ್ಜಾರ?"

ಮುದುಕನ ಮೈ ನೆಟ್ಟಗಿತ್ತು. ತಿಂಗಳಿಂದ ಒಂದು ಸೀನೂ ಬಂದಿರಲಿಲ್ಲ.

"ಐತ್ರಿ," ಎಂದ. "ಭಾಳ ಐತಿ."

ಅವಳು ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು ನೋಡಿದಳು. "ಏನೂ ಇಲ್ರೀ! ಚಲೋ ಅದೀರಿ."

"ಅಬ್ಬಾಜಾನ, ಯಾಕ ಸುಳ್ಳ ಹೇಳಾಕತ್ತೀರಿ?" ಎಂದ ರಿಯಾಜ.

"ಈಗ ಹೇಳಿದ್ದು ಸುಳ್ಳಪಾ," ಎಂದ ಜಂಗ್ಲಿಸಾಬ. "ಹ್ವಾದ ವರ್ಷ ಇಲ್ಲ ಅಂದಿದ್ನಲ್ಲ, ಅದೂ ಸುಳ್ಳ. ಆವತ್ತ ನನಗ ಖರೇನ ಜ್ವರ ಇತ್ತು."

ರಿಯಾಜನ ಕೈ ಅಪ್ಪನ ರಟ್ಟೆಯಿಂದ ಜಾರಿತು. ಬೈದಿದ್ದರೆ, ಹೊಡೆದಿದ್ದರೆ ಜಂಗ್ಲಿಸಾಬನಿಗೆ ಎಷ್ಟೋ ಹಗುರಾಗುತ್ತಿತ್ತು. ಮಗ ಮುಖ ನೋಡದೆ ಅಪ್ಪನ ಕೈಯಲ್ಲಿದ್ದ ಮಾಸ್ಕು ತೆಗೆದುಕೊಂಡು ತಾನೇ ಕಟ್ಟಿಕೊಂಡ. ಮೊಣಕೈತನಕ ಸೋಪು ಹಚ್ಚಿ ತೊಳೆದು ಒಳಗೆ ಹೋದ. ಬಾಗಿಲು ಮುಚ್ಚಿಕೊಂಡಿತು.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಬಾಂಗು ಕೇಳಿಸಿತು. ದನಿ ಒರಟು, ರಾಗವಿಲ್ಲ, ಅರ್ಧ ಮಾಸ್ಕಿನೊಳಗೇ ಉಳಿಯುತ್ತಿತ್ತು. ಎರಡು ಸಾಲು ದಾಟಿ ಮೂರನೆಯದಕ್ಕೆ ನಿಂತೇಬಿಟ್ಟಿತು. ರಿಯಾಜ ಅಳುತ್ತಿದ್ದ.

ಆ ಸಾಲು ಜಂಗ್ಲಿಸಾಬನ ನಾಲಗೆಯ ತುದಿಗೆ ಬಂದಿತ್ತು. ಅವನು ಎರಡೂ ಕೈಯಿಂದ ಬಾಯಿ ಒತ್ತಿ ಹಿಡಿದುಕೊಂಡು, ಬಾಗಿಲಿನಿಂದ ಒಂದೊಂದೇ ಹೆಜ್ಜೆ ಹಿಂದೆ ಸರಿದ.