ಹನ್ನೆರಡನೆಯ ಸಾಲು

ಮೂರರಲ್ಲಿ ಎರಡು ತನ್ನನ್ನು ನಂಬುವುದಿಲ್ಲ ಎಂಬುದು ಹನ್ನೆರಡನೆಯ ಸಾಲಿಗೆ ಬಂದಾಗ ವಿಕಾಸನಿಗೆ ಹೊಳೆಯಿತು.

ಹೋಲಿಕೆ ಪಟ್ಟಿಯ ಆ ಸಾಲಿನಲ್ಲಿದ್ದ ಪ್ರಶ್ನೆ ಅವನೇ ಟೈಪು ಮಾಡಿದ್ದು: 'ಅಡ್ಮಿನ್ ತಾನು ಮಾಡಿದ್ದರ ದಾಖಲೆಯನ್ನು ತಾನೇ ಅಳಿಸಬಹುದೇ?' ಮೊದಲ ಸಾಫ್ಟ್‌ವೇರ್: ಇಲ್ಲ. ಎರಡನೆಯದು: ಇಲ್ಲ. ಮೂರನೆಯದರ ಕೈಪಿಡಿಯಲ್ಲಿ, ನೂರಾ ನಲವತ್ತನೆಯ ಪುಟದ ಅಡಿಯಲ್ಲಿ, ಸಣ್ಣ ಅಕ್ಷರದಲ್ಲಿ: ಹೌದು.

ಆ 'ಹೌದು' ಎಂಬುದನ್ನು ಅವನು ಖಾನೆಯಲ್ಲಿ ತುಂಬಲಿಲ್ಲ. ಚಹಾ ತರಿಸಿಕೊಂಡ.

ಬಾಗಲಕೋಟೆಯ ನವನಗರದ ಆ ಖಾಸಗಿ ಆಸ್ಪತ್ರೆಯ ನೆಲಮಹಡಿಯಲ್ಲಿ, ಔಷಧಿ ಉಗ್ರಾಣದ ಹಿಂದೆ, ಅವನ ಕೋಣೆ. ಕಿಟಕಿ ಇರಲಿಲ್ಲ. ಸರ್ವರುಗಳಿಗೆ ತಂಪು ಬೇಕಾದ್ದರಿಂದ ಅವನಿಗೂ ಹನ್ನೊಂದು ವರ್ಷದಿಂದ ತಂಪು ಸಿಗುತ್ತಿತ್ತು. ಬಾದಾಮಿ, ಹುನಗುಂದ, ಇಳಕಲ್ಲಿನ ಶಾಖೆಗಳಲ್ಲಿ ಯಾವ ರೋಗಿ ಕೆಮ್ಮಿದರೂ ಅದರ ದಾಖಲೆ ಇಲ್ಲಿಗೆ ಬಂದು ಸೇರುತ್ತಿತ್ತು. ಅಡ್ಮಿನ್ ಅವನೊಬ್ಬನೇ; ಎಲ್ಲವನ್ನೂ ತೆರೆಯಬಲ್ಲ ಪಾಸ್‌ವರ್ಡ್ ಅವನೊಬ್ಬನಿಗೇ ಗೊತ್ತಿತ್ತು.

ಹೊರಗಿನಿಂದ ಬಂದಿದ್ದ ಆಡಿಟರಿಗೆ ಇದು ಸರಿ ಕಾಣಲಿಲ್ಲ. ಆಸ್ಪತ್ರೆಯ ಆಡಳಿತಾಧಿಕಾರಿ ಪಂಢರೀನಾಥ ರಾಯರು ವಿಕಾಸನನ್ನು ಕರೆಸಿ ಹೇಳಿದ್ದರು: "ನಿನ್ನ ಮ್ಯಾಲೆ ಸಂಶಯ ಅಂತಲ್ಲಪಾ. ಆದ್ರ ಈ ಪಾಸ್‌ವರ್ಡ್ ಕಾಯೂ ಸಾಫ್ಟ್‌ವೇರ್ ಏನೇನವ, ಹೋಲಿಸಿ ನೋಡು. ಯಾವುದು ಚಲೋ ಅಂತ ನೀನ ಹೇಳು."

ಅಂದರೆ ತನ್ನ ಕಾವಲುಗಾರನನ್ನು ತಾನೇ ಆರಿಸಬೇಕು. ಅವನು ಹೂಂ ಅಂದಿದ್ದ.

ಆಶ್ಚರ್ಯವೆಂದರೆ, ಮೂರು ವಾರ ಅವನು ಖುಷಿಯಾಗಿದ್ದ. ಇಂಥ ಸಾಫ್ಟ್‌ವೇರಿನ ಕೆಲಸ ಮೇಲುನೋಟಕ್ಕೆ ಸರಳ. ಪಾಸ್‌ವರ್ಡನ್ನು ಅಡ್ಮಿನ್ನನ ತಲೆಯಿಂದ ತೆಗೆದು ತನ್ನ ತಿಜೋರಿಯಲ್ಲಿಡುತ್ತದೆ. ಏಕೆ ಬೇಕೆಂದು ಬರೆದುಕೊಟ್ಟರೆ ಅರ್ಧ ಗಂಟೆಯ ಮಟ್ಟಿಗೆ ಬಾಗಿಲು ತೆರೆಯುತ್ತದೆ. ಒಳಗೆ ಹೋದವನು ಮಾಡಿದ್ದನ್ನೆಲ್ಲ ಸಿನಿಮಾದಂತೆ ಚಿತ್ರೀಕರಿಸಿಟ್ಟುಕೊಳ್ಳುತ್ತದೆ. ಆದರೆ ವಿವರಕ್ಕೆ ಇಳಿದರೆ ಒಂದೊಂದರ ಸ್ವಭಾವವೇ ಬೇರೆ. ಮೊದಲನೆಯದರ ತಿಜೋರಿ ಎಲ್ಲೋ ದೂರದ ಊರಿನಲ್ಲಿರುತ್ತದೆ. ರಸ್ತೆ ಅಗೆಯುವವರು ಕೇಬಲ್ ಕತ್ತರಿಸಿದ ದಿನ ಅಡ್ಮಿನ್ ಬಾಗಿಲಲ್ಲಿ ನಿಂತಿರಬೇಕು. ಎರಡನೆಯದು ಇಲ್ಲೇ ಕೂರುತ್ತದೆ, ಆದರೆ ಇನ್ನೊಬ್ಬರ ಒಪ್ಪಿಗೆ ಇಲ್ಲದೆ ತುಟಿ ಬಿಚ್ಚುವುದಿಲ್ಲ. ಮೂರನೆಯದು ಹಗುರ, ಯಾರಿಗೂ ತ್ರಾಸು ಕೊಡದು. ತನ್ನಂಥ ಒಬ್ಬನನ್ನು ಅನುಮಾನಿಸಲು ಎಲ್ಲೆಲ್ಲಿಯ ಜನ ಇಷ್ಟೊಂದು ಜಾಣತನ ಖರ್ಚು ಮಾಡಿದ್ದಾರಲ್ಲ ಎಂದು ಅವನಿಗೆ ಒಂಥರಾ ಗೌರವವೂ ಆಗುತ್ತಿತ್ತು.

ಹತ್ತು ಗಂಟೆಗೆ ತೌಸಿಫ ಬಂದ. ಎರಡನೆಯ ಕಂಪನಿಯ ಇಂಜಿನಿಯರ್. ಇಳಕಲ್ಲಿನವನು, ಮೂವತ್ತರ ಆಸುಪಾಸು. ಮಧ್ಯಾಹ್ನ ಮೂರಕ್ಕೆ ರಾಯರ ಎದುರು ತನ್ನ ಸಾಫ್ಟ್‌ವೇರ್ ಹೇಗೆ ನಡೆಯುತ್ತದೆಂದು ಅವನು ತೋರಿಸಬೇಕಿತ್ತು. ಅದಾದ ಮೇಲೆ ವಿಕಾಸ ತೀರ್ಪು ಹೇಳಬೇಕಿತ್ತು.

"ಸರ್, ಇವತ್ತ ಬರೇ ತೋರ್ಸಾಕ ಹಾಕ್ತೇನ್ರಿ. ನಿಮ್ಮ ಕೆಲಸಕ್ಕ ಏನೂ ತ್ರಾಸ ಆಗಂಗಿಲ್ಲ."

"ಈಗಿಂದನ ನೋಡ್ತದೇನು ಅದು?"

"ಇಲ್ರಿ. ಊಟ ಆದ ಮ್ಯಾಲೆ ಸುರು ಮಾಡ್ತೇನಿ."

ತೌಸಿಫ ತಂತಿಗಳನ್ನು ಜೋಡಿಸುತ್ತ ಕೋಣೆಯನ್ನು ಸುತ್ತ ನೋಡಿದ. "ಹನ್ನೊಂದ ವರ್ಷ ಒಬ್ರ ಇದ್ದೀರೇನ್ರಿ ಇಲ್ಲಿ?"

"ಹೂಂ."

"ಬ್ಯಾಸರ ಆಗಂಗಿಲ್ಲೇನ್ರಿ?"

"ಕೆಲಸ ಇರ್ತದಲ್ಲ."

ಕೆಲಸವೇನೋ ಇರುತ್ತಿತ್ತು. ಆದರೆ ಐದು ತಿಂಗಳಿಂದ, ಎರಡು ವಾರಕ್ಕೊಮ್ಮೆ ಗುರುವಾರ, ಹನ್ನೊಂದೂವರೆ ಹೊತ್ತಿಗೆ ವಿಕಾಸನಿಗೆ ಯಾವ ಕೆಲಸವೂ ಸಾಗುತ್ತಿರಲಿಲ್ಲ. ಇವತ್ತು ಅಂಥ ಗುರುವಾರ.

ಮೊದಲ ಸಲ ಕಂಡದ್ದು ಆಕಸ್ಮಿಕ. ಎರಡನೆಯ ಮಹಡಿಯ ಪ್ರಿಂಟರ್ ಕೆಟ್ಟಿತ್ತು; ಸಿಕ್ಕಿಕೊಂಡ ಕಾಗದಗಳ ಪಟ್ಟಿ ನೋಡುವಾಗ ಹೆಂಡತಿಯ ಹೆಸರು ಕಂಡಿತು. ಸಂಪದಾ, ಮೂವತ್ತೊಂಬತ್ತು, ಶಿಕ್ಷಕಿ. ವಿಭಾಗ: ಆಪ್ತ ಸಮಾಲೋಚನೆ. ಅಂದು ರಾತ್ರಿ ಅವಳು ಹೇಳಬಹುದೆಂದು ಕಾದ. ಹೇಳಲಿಲ್ಲ. ಮರುದಿನ ತಾನೇ ಕೇಳಬಹುದಿತ್ತು. ಕೇಳಿದರೆ, ನಿಮಗೆ ಹೇಗೆ ಗೊತ್ತಾಯಿತು ಎಂಬ ಪ್ರಶ್ನೆ ಬರುತ್ತಿತ್ತು.

ಅಂದಿನಿಂದ ಅವಳು ಹದಿನೈದು ದಿನಕ್ಕೊಮ್ಮೆ ಶಾಲೆಗೆ ಅರ್ಧ ದಿನ ರಜೆ ಹಾಕಿ ಬರುತ್ತಿದ್ದಳು. ಅವನ ತಲೆಯ ಮೇಲೆ ಎರಡು ಮಹಡಿ ಆಚೆ ಕೂತು ಯಾರೊಂದಿಗೋ ಮಾತಾಡಿ ಹೋಗುತ್ತಿದ್ದಳು. ಅವಳು ಬಂದೊಡನೆ ಆ ದಿನದ ರೋಗಿಗಳ ಪಟ್ಟಿಯಲ್ಲಿ ಅವಳ ಹೆಸರು ಹಸಿರಾಗುವುದನ್ನು ಅವನು ನೋಡುತ್ತಿದ್ದ. ಒಳಗಿನ ಬರಹವನ್ನು ಮಾತ್ರ ಒಮ್ಮೆಯೂ ತೆರೆದಿರಲಿಲ್ಲ. ಹಾಗೆ ತೆರೆಯದಿರುವುದೇ ತನ್ನ ಸಭ್ಯತೆ ಎಂದು ತಿಳಿದಿದ್ದ.

ಅವನನ್ನು ಕೊರೆಯುತ್ತಿದ್ದದ್ದು ಬೇರೆ. ಊರಿನಲ್ಲಿ ಇನ್ನೂ ಆಸ್ಪತ್ರೆಗಳಿದ್ದವು. ಇಲ್ಲಿಗೇ ಏಕೆ ಬಂದಳು? ಗಂಡನಿಗೆ ಎಲ್ಲ ಕಾಣುತ್ತದೆಂದು ಅವಳಿಗೆ ಗೊತ್ತಿಲ್ಲವೇ? ಅಥವಾ, ಕಾಣಲಿ ಎಂದೇ ಬಂದಳೇ?

ಹನ್ನೊಂದು ಮೂವತ್ನಾಲ್ಕಕ್ಕೆ ಹೆಸರು ಹಸಿರಾಯಿತು.

ಹನ್ನೆರಡೂಕಾಲಕ್ಕೆ ತೌಸಿಫ ಫೋನಿನಲ್ಲಿ ಮಾತಾಡುತ್ತ ಹೊರಗೆ ಹೋದ. ನಾಳೆಯಿಂದ ತಿಜೋರಿ ಬಂದರೆ, ಏಕೆ ತೆರೆಯಬೇಕೆಂದು ಬರೆದುಕೊಡಬೇಕು. ಏನೆಂದು ಬರೆಯುವುದು? ವಿಕಾಸ ಕೂತಲ್ಲೇ ಪಾಸ್‌ವರ್ಡ್ ಒತ್ತಿ ಒಳಗೆ ಹೋದ.

ಇಂಗ್ಲಿಷಿನ ಚಿಕ್ಕ ಚಿಕ್ಕ ಟಿಪ್ಪಣಿಗಳು. ನಿದ್ದೆ ಪರವಾಗಿಲ್ಲ. ಹಸಿವು ಸರಿಯಾಗಿದೆ. ತರಗತಿಯಲ್ಲಿ ಲೆಕ್ಕ ಹೇಳಿಕೊಡುವಾಗ ನಡುವೆ ತನ್ನ ದನಿ ಬೇರೆ ಯಾರದೋ ಎನ್ನಿಸುತ್ತದೆ. ಅದು ಮುಗಿಸುವವರೆಗೆ ತಾನು ಪಕ್ಕದಲ್ಲಿ ನಿಂತು ಕಾಯುತ್ತೇನೆ ಎನ್ನುತ್ತಾರೆ. ಮನೆಯಲ್ಲಿ ತೊಂದರೆ? ಇಲ್ಲ.

ಅವನು ಬೇಗ ಬೇಗ ಕೆಳಗೆ ಸರಿದ. ತನ್ನನ್ನು ಹುಡುಕುತ್ತಿದ್ದೇನೆಂದು ಅವನಿಗೆ ಗೊತ್ತಾಯಿತು. ದೂರಾದರೂ ಇರಬೇಕು. ತಣ್ಣಗಿನ ಮನುಷ್ಯ, ಮಾತಾಡದವನು, ಏನಾದರೊಂದು. ಹತ್ತು ಭೇಟಿಗಳ ಬರಹದಲ್ಲಿ ಒಂದೇ ಕಡೆ, ಮೊದಲ ದಿನದ ಅರ್ಜಿಯಲ್ಲಿ, ಸಿಕ್ಕ: 'ಗಂಡ: ಕಂಪ್ಯೂಟರ್ ಕೆಲಸ.' ಅದರ ಕೆಳಗೆ, ತುರ್ತು ಸಂದರ್ಭದಲ್ಲಿ ತಿಳಿಸಬೇಕಾದವರು: 'ಹುಸೇನಬಿ, ನೆರೆಮನೆ.' ಹುಸೇನಬಿಯ ಫೋನ್ ನಂಬರ್.

ಸೀರೆಗೆ ಫಾಲ್ ಹೊಲಿದುಕೊಡುವ ಹುಸೇನಬಿ. ಗೇಟಿನಲ್ಲಿ ಕಂಡರೆ ಅವನು ನಮಸ್ಕಾರ ಎನ್ನುತ್ತಿದ್ದ, ಅಷ್ಟೆ.

ಮುಚ್ಚಿ ಹೊರಬಂದ. ಎದೆ ಹೊಡೆದುಕೊಳ್ಳುತ್ತದೇನೋ ಎಂದು ಗಮನಿಸಿದ. ಹೊಡೆದುಕೊಳ್ಳುತ್ತಿರಲಿಲ್ಲ. ಅವಳ ದನಿ ಹೇಗಿತ್ತೆಂದು ನೆನಪಿಸಿಕೊಳ್ಳಲು ನೋಡಿದ. ಫೋನಿನಲ್ಲಿ ಅವಳ ಹೆಸರು ಬಂದಾಗ ಮೊಳಗುವ ರಿಂಗ್‌ಟೋನ್ ಮಾತ್ರ ನೆನಪಾಯಿತು.

ತೌಸಿಫ ಡಬ್ಬಿ ಬಿಚ್ಚಿ ಕೂತ. "ಬರ್ರಿ ಸರ್, ರೊಟ್ಟಿ ಅದಾವು. ಶೇಂಗಾ ಹಿಂಡಿ ನಮ್ಮವ್ವನ ಕೈದು."

"ಹಸಿವಿಲ್ಲ."

"ಒಂದ ತುತ್ತರ ತಗೋರಿ."

ತಗೊಂಡ. ಖಾರಕ್ಕೆ ಕಣ್ಣಲ್ಲಿ ನೀರು ಬಂತು. ಅದಕ್ಕಾದರೂ ಒಂದು ಕಾರಣ ಸಿಕ್ಕಿತಲ್ಲ ಎನ್ನಿಸಿತು.

ಮೂರಕ್ಕೆ ರಾಯರ ಕೋಣೆಯಲ್ಲಿ ಗೋಡೆಯ ದೊಡ್ಡ ಟಿವಿಗೆ ತೌಸಿಫ ತನ್ನ ಲ್ಯಾಪ್‌ಟಾಪ್ ಜೋಡಿಸಿದ. ತಿಜೋರಿ ತೋರಿಸಿದ. ಒಪ್ಪಿಗೆ ಕೇಳುವುದು, ಕೊಡುವುದು ತೋರಿಸಿದ. ರಾಯರು ಮಕ್ಕಳಂತೆ ನೂರೆಂಟು ಪ್ರಶ್ನೆ ಕೇಳಿದರು.

"ಈಗ ಮುಖ್ಯದ್ದು ನೋಡ್ರಿ ಸರ್. ಅಡ್ಮಿನ್ ಒಳಗ ಹೋಗಿ ಏನ್ ಮಾಡಿದ್ರು, ಎಲ್ಲಾ ರೆಕಾರ್ಡ್ ಆಗಿರ್ತೈತಿ. ಇದು ಇವತ್ತಿಂದ, ಹನ್ನೆರಡೂಕಾಲಿಂದು."

ವಿಕಾಸ ತೌಸಿಫನತ್ತ ತಿರುಗಿದ. "ಊಟ ಆದ ಮ್ಯಾಲೆ ಅಂದಿದ್ದಿ ಅಲಾ?"

"ಹೌದ್ರಿ. ಹನ್ನೊಂದಕ್ಕ ಟೆಸ್ಟ್ ಅಂತ ಚಾಲೂ ಮಾಡಿದ್ನಿ, ಬಂದ್ ಮಾಡೂದು ಮರ್ತೆ. ಚಲೋನ ಆತಲ್ರಿ, ಖರೆ ಕೆಲಸದ್ದ ನೋಡಾಕ ಸಿಕ್ತು."

ಪರದೆಯ ಮೇಲೆ ಮೌಸಿನ ಬಾಣದ ಗುರುತು ಮೂಡಿತು. ಪಟ್ಟಿಯ ಮೇಲೆ ಸರಿಯಿತು. ಒಂದು ಹೆಸರಿನ ಬಳಿ ನಿಂತಿತು. ದೂರ ಹೋಯಿತು, ಅಂಚಿನಲ್ಲಿ ಸುಮ್ಮನೆ ಸುತ್ತಿತು, ಮತ್ತೆ ಬಂತು. ಕೂಡಲೇ ತೆರೆದೆನೆಂದು ಅವನು ತಿಳಿದಿದ್ದ. ಮೂಲೆಯ ಗಡಿಯಾರದ ಪ್ರಕಾರ ನಾಲ್ಕು ನಿಮಿಷ ಆಗಿತ್ತು.

ಅಷ್ಟು ಹೊತ್ತು ಅಷ್ಟು ಹಿಂಜರಿದವನು ಯಾರು? ವಿಕಾಸ ಭಯ ಮರೆತು ಬಾಣವನ್ನೇ ನೋಡಿದ. ಈ ಮನುಷ್ಯ ತೆರೆಯುತ್ತಾನೋ ಇಲ್ಲವೋ ಎಂದು ಅವನಿಗೆ ನಿಜವಾಗಿಯೂ ಕುತೂಹಲವಾಗಿತ್ತು.

ತೆರೆದ.

ಟಿವಿಯ ಅಗಲಕ್ಕೂ ಸಂಪದಾಳ ಹೆಸರು ಬಂತು. ರಾಯರು ಅವರ ಗೃಹಪ್ರವೇಶಕ್ಕೆ ಬಂದು ಅವಳ ಕೈಯಿಂದಲೇ ಹೋಳಿಗೆ ಬಡಿಸಿಕೊಂಡಿದ್ದವರು. ಅವರು ಕನ್ನಡಕ ಹಾಕಿಕೊಂಡು ಕುರ್ಚಿಯಿಂದ ಮುಂದಕ್ಕೆ ಬಾಗಿದರು.

"ಅರೇ, ಏನಪಾ ಇದು!"

ವಿಕಾಸ ಕಾದ. ಕೊನೆಗೂ ಸಿಕ್ಕಿಬಿದ್ದೆನೆಂದು ಹಗುರಾಗುತ್ತಿದ್ದ.

"ಆ ಬಾಣ ಸುದ್ಧಾ ಕಾಣಸ್ತದಲ್ಲೋ! ಎಷ್ಟ ಸ್ವಚ್ಛ ಅದ ನೋಡು ಚಿತ್ರ!"

ರಾಯರು ಬಾಣವನ್ನೇ ನೋಡುತ್ತಿದ್ದರು. ಅದರ ಕೆಳಗಿನ ಅಕ್ಷರಗಳು ಅವರ ಮಟ್ಟಿಗೆ ಅಕ್ಷರಗಳಷ್ಟೆ. ತೌಸಿಫ ಮಾತ್ರ ವಿಕಾಸನ ಮುಖದತ್ತ ಒಮ್ಮೆ ತಿರುಗಿದ, ತಟ್ಟನೆ ಚಿತ್ರವನ್ನು ಮುಂದಕ್ಕೋಡಿಸಿ ನಿಲ್ಲಿಸಿದ.

"ಹಂಗಾರ ನೀ ಯಾವುದು ಅಂತೀ, ವಿಕಾಸ?"

ಹನ್ನೆರಡನೆಯ ಸಾಲಿನ ಖಾನೆ ಇನ್ನೂ ಖಾಲಿ ಇತ್ತು. "ಎರಡನೇದು," ಅಂದ.

"ಮೊನ್ನೆ ಮೂರನೇದು ಹಗುರದ ಅಂದಿದ್ದೆಲ್ಲಾ?"

"ಅದರಾಗ ಅಳಸಲಿಕ್ಕೆ ಬರ್ತದ್ರಿ."

"ಅಳಸೂವಂಥಾದ್ದು ನಿನ್ನ ಹತ್ರ ಏನದಪಾ!" ರಾಯರು ನಕ್ಕು ಕಾಗದದ ಮೇಲೆ ಸಹಿ ಮಾಡಿದರು.

ಹೊರಗೆ ಮೆಟ್ಟಿಲ ಬಳಿ ತೌಸಿಫ ನಿಧಾನ ಮಾಡಿದ. "ಸರ್, ಒಂದ ಮಾತ್ರಿ. ನಾಳಿಂದ ಖರೆ ಸುರು ಆದ್ರ ನಾನೂ ಏನೂ ತಗ್ಯಾಕ ಬರಂಗಿಲ್ಲ. ಐದ ವರ್ಷ ಇರ್ತೈತಿ. ಇವತ್ತಿಂದು ಟ್ರಯಲ್, ತಗೀಬಹುದು. ತಗೀಲೇನ್ರಿ?"

"ಇದ್ರ ಯಾರ ನೋಡ್ತಾರ?"

"ಯಾರೂ ನೋಡಂಗಿಲ್ರಿ. ಯಾರರ ತಕರಾರ ಮಾಡಿದ್ರಷ್ಟ."

"ಹಂಗಾರ ಇರ್ಲಿ ಬಿಡು."

ತೌಸಿಫ ಅಚ್ಚರಿಯಿಂದ ನೋಡಿದ. "ಆ ಹೆಸರಿನವರು ನಿಮ್ಮ ಪೈಕಿಯವರೇನ್ರಿ?"

"ಅಲ್ಲ," ಅಂದ ವಿಕಾಸ. ಅಷ್ಟು ಬೇಗ ಬಂದ ಉತ್ತರ ಅವನನ್ನೇ ಬೆಚ್ಚಿಬೀಳಿಸಿತು.

ಮನೆಗೆ ಬಂದಾಗ ಸಂಪದಾ ಮೇಜಿನ ಮೇಲೆ ಉತ್ತರಪತ್ರಿಕೆ ಹರಡಿಕೊಂಡು ಕೂತಿದ್ದಳು.

"ಸಾಲಿ ಹೆಂಗಿತ್ತು?"

"ದಿನಾ ಇದ್ದಂಗ." ತಲೆಯೆತ್ತಿದಳು. "ನಿಮ್ಮದು? ಯಾವುದೋ ಆರಸೂದಿತ್ತಲ್ಲ ಇವತ್ತ?"

"ಆರಿಸಿದೆ."

"ಏನ್ ಮಾಡ್ತದ ಅದು?"

"ಯಾರ ಏನ್ ನೋಡಿದ್ರು ಅನ್ನೂದನ್ನ ನೋಡ್ತದ."

ಅವಳ ಕೆಂಪು ಪೆನ್ನು ನಿಂತಿತು. "ನೋಡಿ?"

"ನೋಡಿ ಏನಿಲ್ಲ. ಇಟ್ಕೋತದ."

ಅವಳು ಪೆನ್ನಿನ ಮುಚ್ಚಳ ಹಾಕಿದಳು. ಏನೋ ಕೇಳುತ್ತಾಳೆ ಎನ್ನಿಸಿತು. "ಚಹಾ ಮಾಡ್ಲೇನ್ರಿ?" ಎಂದಳು.

ಅವನು ಆ ದನಿಯನ್ನು ಕಿವಿಗೊಟ್ಟು ಕೇಳಿದ. ಇದು ಅವಳದೋ, ಅವಳು ಹೇಳಿದ ಆ ಬೇರೆಯವಳದೋ? ಹೋಲಿಸಿ ನೋಡಲು ಹಳೆಯ ದನಿಯೊಂದು ಅವನ ಬಳಿ ಇರಲಿಲ್ಲ.

ಚಹಾ ಕುಡಿದ ಮೇಲೆ ಅವಳೇ ಅಂದಳು: "ಒಳಗ ಭಾಳ ಸೆಕಿ ಅದ. ಹಿನ್ನೀರಿನ ಕಡೆ ಹೋಗೋಣೇನ್ರಿ?"

ಸ್ಕೂಟರಿನಲ್ಲಿ ಅವಳು ಅವನ ಭುಜ ಹಿಡಿಯಲಿಲ್ಲ, ಹಿಂದಿನ ಕಂಬಿ ಹಿಡಿದಿದ್ದಳು. ದಾರಿಯುದ್ದಕ್ಕೂ ಅವನು ಒಂದು ವಾಕ್ಯವನ್ನು ಜೋಡಿಸುತ್ತಿದ್ದ. 'ಇವತ್ತ ನಾ ನಿನ್ನ...' ಅಲ್ಲಿಂದ ಮುಂದೆ ಯಾವ ಕ್ರಿಯಾಪದವೂ ಸರಿಹೊಂದಲಿಲ್ಲ.

ಆಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಹಳೆಯ ರಸ್ತೆ ನೀರಿಗಿಳಿಯುವ ಜಾಗದಲ್ಲಿ ಸ್ಕೂಟರ್ ನಿಲ್ಲಿಸಿದ. ಸೂರ್ಯ ಇನ್ನೂ ಒಂದು ಮಾರು ಮೇಲಿದ್ದ. ಡಾಂಬರು ರಸ್ತೆ, ನಡುವಿನ ಬಿಳಿ ಗೆರೆ ಸಮೇತ, ಯಾವ ಗಡಿಬಿಡಿಯೂ ಇಲ್ಲದೆ ನೇರ ನೀರಿನೊಳಗೆ ಹೋಗಿತ್ತು. ಆಚೆ ತಂತಿಯಿಲ್ಲದ ವಿದ್ಯುತ್ ಕಂಬಗಳು ಸೊಂಟಮಟ್ಟ ನೀರಿನಲ್ಲಿ ಸಾಲಾಗಿ ನಿಂತಿದ್ದವು. ಸಂಪದಾ ಕಲ್ಲಿನ ಮೇಲೆ ಕೂತಳು.

"ಎಲ್ಲೀತನಾ ಹೋಗ್ತದೋ ಇದು," ಅಂದ.

"ಗೊತ್ತಿಲ್ಲ."

ವಿಕಾಸ ಚಪ್ಪಲಿ ಬಿಟ್ಟು ಬಿಳಿ ಗೆರೆಯ ಮೇಲೆ ನಡೆದ. ನೀರು ಹಿಮ್ಮಡಿಗೆ ಬಂತು, ಮೀನಖಂಡಕ್ಕೆ ಬಂತು. ಅಡಿಯಲ್ಲಿ ಡಾಂಬರು ಗಟ್ಟಿಯಾಗಿಯೇ ಇತ್ತು. ಬಿಸಿಯಾಗಿಯೂ ಇದ್ದದ್ದು ಅವನಿಗೆ ಸೋಜಿಗವೆನಿಸಿತು. ಪ್ಯಾಂಟು ಮೊಣಕಾಲಿನವರೆಗೆ ನೆನೆದಾಗ ಗೆರೆ ಕಾಣಿಸುವುದು ನಿಂತಿತು. ಪಾದದಿಂದ ತಡವಿ ನೋಡಿದ. ಇತ್ತು, ಅಥವಾ ಇದೆ ಎನ್ನಿಸಿತು.

ತಿರುಗಿ ನೋಡಿದ. ಸಂಪದಾ ಎದ್ದು ನಿಂತಿದ್ದಳು. ಒಂದು ಕೈ ಮೇಲೆತ್ತಿದ್ದಳು. ಕರೆಯುತ್ತಿದ್ದಳೋ, ಇಳಿಬಿಸಿಲಿಗೆ ಕಣ್ಣು ಮರೆ ಮಾಡಿಕೊಂಡಿದ್ದಳೋ ತಿಳಿಯಲಿಲ್ಲ. ಬಾಯಿ ಆಡುತ್ತಿತ್ತು. ಗಾಳಿ ನೀರಿನ ಕಡೆಯಿಂದ ದಂಡೆಗೆ ಬೀಸುತ್ತಿತ್ತು; ದನಿ ಅವನವರೆಗೆ ಬರಲಿಲ್ಲ.

ಅವನ ಕಾಲಡಿಯಲ್ಲಿ ರಸ್ತೆ ಇನ್ನೂ ಇಳಿಯುತ್ತಲೇ ಇತ್ತು.